ಪಾನಕ್ಕನ ಲಂಬರೇಖೆ

ನನ್ನ ಗಂಡನ ಅಣ್ಣನ ಹೆಂಡತಿ ನೀರು ಸರಬರಾಜು ಕಚೇರಿಗೆ ಫಿಟ್ಟರ್ ಆಗಿ ಸೇರಿದವಳು. ಇಪ್ಪತ್ತೇಳು ವರ್ಷದ ಸರ್ವಿಸಿನಲ್ಲಿ ಅವಳು ಕೈಯಿಂದ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟದ್ದು ಊಟಕ್ಕೆ ಮತ್ತು ನಿದ್ದೆಗೆ ಮಾತ್ರ ಎಂದು ಜೊತೆಯವರು ಹೇಳುತ್ತಾರೆ. ಹಾಗಾಗಿ ಕಚೇರಿಯಲ್ಲಿ ಅವಳಿಗೆ ಪಾನಾ ಅಕ್ಕ ಎಂದು ಹೆಸರು ಬಿತ್ತು. ಬಾಯಿಂದ ಬಾಯಿಗೆ ಬಿದ್ದು ಸವೆದು ಅದು ಪಾನಕ್ಕ ಆಯಿತು. ಈಗ ಮನೆಯಲ್ಲೂ ಅದೇ. ಅವಳ ಗಂಡ, ಅಂದರೆ ನಮ್ಮ ಭಾವನೂ ಹಾಗೇ ಕರೆಯುತ್ತಾರೆ. ತಾಯಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ.

ಕೆಳಗಿನ ಮನೆ ಅವರದು, ಮೇಲಿನದು ನಮ್ಮದು. ನಡುವೆ ಹದಿನಾಲ್ಕು ಮೆಟ್ಟಿಲು. ಅತ್ತೆ ಬೆಳಿಗ್ಗೆ ಕೆಳಗೆ, ಸಂಜೆ ಮೇಲೆ. ಎರಡೂ ಮನೆಯ ಸುದ್ದಿ ಅವರ ಮೂಲಕವೇ ಹತ್ತಿ ಇಳಿಯುತ್ತದೆ. ನಾನು ಮದುವೆಯಾಗಿ ಬಂದಾಗ ನೆರೆಯವರು, "ಎರಡು ಜಡೆ ಒಂದು ಕಡೆ ಸೇರಲ್ಲ ಅಂತಾರೆ, ಹುಷಾರು" ಎಂದಿದ್ದರು. ನನಗೂ ಒಳಗೊಳಗೇ ಅಳುಕು. ಮೊದಲ ದಿನ ಅವಳನ್ನು "ನೀವು" ಎಂದು ಮಾತಾಡಿಸಿದೆ.

"ನೀವು ಅಂದ್ರೆ ನಲ್ಲಿ ಬರ್ತಿಲ್ಲ ಅಂತ ದೂರು ಕೊಡೋಕೆ ಬಂದೋರ ಥರ ಕೇಳುತ್ತೆ ಕಣೇ," ಎಂದಳು. "ನೀನು ಅನ್ನು. ಜಗಳ ಆಡೋಕೂ ಅದೇ ಅನುಕೂಲ."

ಅಲ್ಲಿಗೆ ಅಳುಕು ಹೋಯಿತು.

ಆಳು ಕುಳ್ಳಗೆ, ಗಟ್ಟಿ. ನಡೆಯುವಾಗ ತಲೆ ಸ್ವಲ್ಪ ಎಡಕ್ಕೆ ವಾಲುತ್ತದೆ. ಅದಕ್ಕೆ ಕಾರಣ ಅವಳ ಕಬ್ಬಿಣದ ಕೋಲು. ನೆಲದ ಕೆಳಗೆ ಎಲ್ಲಿ ನೀರು ಸೋರುತ್ತಿದೆ ಎಂದು ತಿಳಿಯಬೇಕಾದರೆ ಕೋಲಿನ ಒಂದು ತುದಿಯನ್ನು ನೆಲಕ್ಕೆ ಊರಿ, ಇನ್ನೊಂದು ತುದಿಗೆ ಎಡಗಿವಿ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಾಳೆ. ರಸ್ತೆಯಲ್ಲಿ ಬಸ್ಸು, ಸೈಕಲ್ಲು, ಜನ. ಅವಳು ಮಾತ್ರ ಮಲಗಿದ ಮಗುವಿನ ಎದೆಬಡಿತ ಕೇಳುವವಳಂತೆ ನಿಂತಿರುತ್ತಾಳೆ. ಆಮೇಲೆ ಬೂಟಿನ ಹಿಮ್ಮಡಿಯಿಂದ ನೆಲ ಗುದ್ದಿ, "ಇಲ್ಲಿ" ಎನ್ನುತ್ತಾಳೆ. ಹತ್ತರಲ್ಲಿ ಒಂಬತ್ತು ಸಲ ಅಲ್ಲೇ ಇರುತ್ತದೆ.

ವಿದ್ಯೆ ಅಪ್ಪನದು. ಅವರು ಕೈಪಂಪು ರಿಪೇರಿ ಮಾಡುತ್ತ ಬೀದಿ ಬೀದಿ ತಿರುಗುತ್ತಿದ್ದವರು. ಮಗಳು ಹಿಂದೆ ಚೀಲ ಹಿಡಿದು. ಮದುವೆಯ ಮಾತಿಗೆ ಅವಳ ಮನೆಯವರು ಇಲ್ಲಿಗೆ ಬಂದಾಗ ದೊಡ್ಡವರೆಲ್ಲ ಗಂಭೀರವಾಗಿ ಕೂತಿದ್ದರಂತೆ. ಒಳಗಿನಿಂದ ಟಪ್ ಟಪ್ ಎಂದು ನಲ್ಲಿ ತೊಟ್ಟಿಕ್ಕುವ ಸದ್ದು. ಹುಡುಗಿ ಐದು ನಿಮಿಷ ತಡೆದಳು, ಹತ್ತು ನಿಮಿಷ ತಡೆದಳು. ಆಮೇಲೆ ಎದ್ದು ಬಚ್ಚಲಿಗೆ ಹೋಗಿ, ತಲೆಯ ಪಿನ್ನು ಮತ್ತು ಹಳೇ ಚಪ್ಪಲಿಯಿಂದ ಕತ್ತರಿಸಿದ ರಬ್ಬರಿನ ಚೂರಿನಿಂದ ನಲ್ಲಿ ಸರಿಮಾಡಿ ಬಂದು ಕೂತಳು. "ಮಾತು ಅಲ್ಲಿಗೆ ಮುಗೀತು," ಎನ್ನುತ್ತಾರೆ ಅತ್ತೆ. "ಆ ನಲ್ಲಿಗೆ ನಿಮ್ಮ ಮಾವ ಮೂರು ವರ್ಷದಿಂದ ಬಟ್ಟೆ ಸುತ್ತುತ್ತಾ ಇದ್ರು."

ಇಷ್ಟೆಲ್ಲ ಬಲ್ಲವಳಿಗೆ ಒಂದೇ ಒಂದು ಕಬ್ಬಿಣದ ಕಡಲೆ ಇತ್ತು: ಗಣಿತ. ಹದಿನಾರನೇ ವಯಸ್ಸಿನಲ್ಲಿ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ನೂರಕ್ಕೆ ಹತ್ತೊಂಬತ್ತು. ಮತ್ತೆ ಕಟ್ಟಲಿಲ್ಲ. ಆ ಅಂಕಪಟ್ಟಿಯನ್ನು ಅಪ್ಪನ ಸಾಮಾನಿನ ಪೆಟ್ಟಿಗೆಯ ತಳದಲ್ಲಿ ಗ್ರೀಸ್ ಡಬ್ಬಿಯ ಕೆಳಗೆ ಅಡಗಿಸಿಟ್ಟಿದ್ದಳಂತೆ. ಅಪ್ಪ ಕಂಡರೂ ಕಾಣದಂತೆ ಇದ್ದರಂತೆ.

ಅವಳಿಗೆ ನಲವತ್ತೊಂಬತ್ತು ತುಂಬಿದ ವರ್ಷ ಕಚೇರಿಯ ಮೇಲ್ವಿಚಾರಕರು ನಿವೃತ್ತರಾದರು. ಆ ಜಾಗಕ್ಕೆ ಇವಳೇ ಎಂದು ಎಲ್ಲರ ಮನಸ್ಸಿನಲ್ಲೂ ಇತ್ತು. ಕಚೇರಿಯ ಎಂಜಿನಿಯರ್ ಚಿಕ್ಕ ವಯಸ್ಸಿನ ಹುಡುಗಿ. ಪಾನಕ್ಕನ ಮೇಲೆ ತುಂಬ ಗೌರವ. ಆಕೆಯೇ ಕರೆದು ಹೇಳಿದಳು.

"ಅಕ್ಕಾ, ನನ್ನ ಕೈಯಲ್ಲಿದ್ರೆ ಇವತ್ತೇ ಬರೆದುಕೊಡ್ತಿದ್ದೆ. ಆದ್ರೆ ನಿಯಮ ಇದೆ. ಶಾಲೆಯ ಸರ್ಟಿಫಿಕೇಟ್ ಬೇಕು. ನಿಮಗೆ ಬಾಕಿ ಇರೋದು ಗಣಿತ ಒಂದೇ. ಆರು ತಿಂಗಳಿಗೆ ಪರೀಕ್ಷೆ ಇದೆ, ಬರೆದುಬಿಡಿ. ಅಲ್ಲಿವರೆಗೆ ಜಾಗ ಖಾಲಿ ಇಡಿಸ್ತೀನಿ."

ಅವತ್ತು ಸಂಜೆ ಹದಿನಾಲ್ಕು ಮೆಟ್ಟಿಲು ಹತ್ತಿ ಬಂದ ಪಾನಕ್ಕನ ಕಂಕುಳಲ್ಲಿ ಹೊಸ ನೋಟ್‌ಬುಕ್ಕು ಇತ್ತು. ನಾನು ಮನೆಯಲ್ಲೇ ಶಾಲಾ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಮಕ್ಕಳು ಹೋಗುವವರೆಗೂ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಚಾಪೆಯ ಮೇಲೆ ಅವರ ಜಾಗದಲ್ಲೇ ಬಂದು ಕೂತಳು.

"ನಗಬಾರದು," ಎಂದಳು.

"ಯಾಕೆ ನಗ್ಲಿ?"

"ನಾನಾಗಿದ್ರೆ ನಕ್ತಿದ್ದೆ."

ಭಾವ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವರು. ಮಾತು ಕಡಿಮೆ. ಮರುದಿನವೇ ಹೆಂಡತಿಗೆ ಓದುವ ಕನ್ನಡಕ ಮಾಡಿ ತಂದು, ನೋಟ್‌ಬುಕ್ಕಿನ ಮೇಲಿಟ್ಟು ಹೋದರು. ಅದನ್ನು ಹಾಕಿಕೊಂಡ ಪಾನಕ್ಕನನ್ನು ನೋಡಿ ಅತ್ತೆ, "ಥೇಟ್ ಜಡ್ಜಮ್ಮ. ಇನ್ನು ಮನೇಲಿ ಯಾರಿಗೆ ಶಿಕ್ಷೆಯೋ!" ಎಂದರು.

ಶಿಕ್ಷೆ ನನಗೇ ಆಯಿತು. ಅಳತೆ, ಶೇಕಡಾ, ವಿಸ್ತೀರ್ಣ, ಘನಫಲ ಇವೆಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭ. ಟ್ಯಾಂಕಿನ ಲೆಕ್ಕದಲ್ಲಂತೂ ಪುಸ್ತಕದ ಉತ್ತರವೇ ತಪ್ಪು ಎಂದು ತೋರಿಸಿಕೊಟ್ಟಳು. ಅಕ್ಷರಗಳು ಬಂದೊಡನೆ ಮಾತ್ರ ಬೆವರುತ್ತಿದ್ದಳು. "ಎಕ್ಸ್ ಅಂತೆ ವೈ ಅಂತೆ. ಯಾರಿವರು? ಎಲ್ಲಿಂದ ಬಂದ್ರು? ಮೂರು ಅಂದ್ರೆ ಮೂರು ಇರುತ್ತೆ, ಇವರು ಪ್ರತಿ ಪುಟದಲ್ಲೂ ಬೇರೆ ಬೇರೆ ಆಗ್ತಾರಲ್ಲೇ!"

ನಿರ್ದೇಶಾಂಕದ ಪಾಠ ಶುರುವಾದಾಗ ಸ್ವಲ್ಪ ಗೆಲುವಾದಳು. ಒಂದು ಮೂಲೆ ಹಿಡಿ, ಅಲ್ಲಿಂದ ಅಡ್ಡ ಎಷ್ಟು, ಉದ್ದ ಎಷ್ಟು ಎಂದು ಎರಡು ಸಂಖ್ಯೆ ಹೇಳು, ಬಿಂದು ಸಿಕ್ಕಿತು. "ಇದು ನಮ್ಮ ವಾಲ್ವ್ ಹುಡುಕೋ ಥರಾನೇ," ಎಂದಳು. ಇಳಿಜಾರು ಎಂದರೆ ಅಡ್ಡ ಇಷ್ಟು ಹೋದರೆ ಮೇಲೆ ಎಷ್ಟು ಏರುತ್ತದೆ ಎಂಬುದು ಎಂದಾಗಲೂ ಸಂತೋಷವೇ. "ಚರಂಡಿ ಪೈಪಿಗೆ ನೂರಕ್ಕೆ ಒಂದು ಕೊಡ್ತೀವಲ್ಲ, ಅದೇ ತಾನೇ? ಇಷ್ಟಕ್ಕೆ ಇಷ್ಟು ದೊಡ್ಡ ಪುಸ್ತಕ ಯಾಕೆ?"

ಎಡವಿದ್ದು ಮುಂದಿನ ಪಾಠದಲ್ಲಿ. ಒಂದು ಸರಳರೇಖೆ ಕೊಟ್ಟಿದ್ದಾರೆ. ಹೊರಗೆ ಒಂದು ಬಿಂದು ಕೊಟ್ಟಿದ್ದಾರೆ. ಆ ಬಿಂದುವಿನ ಮೂಲಕ ರೇಖೆಗೆ ಲಂಬವಾಗಿ ಹೋಗುವ ಇನ್ನೊಂದು ರೇಖೆಯ ಸಮೀಕರಣ ಬರೆಯಬೇಕು. ನಾನು ಎಲ್ಲ ಮಕ್ಕಳಿಗೆ ಹೇಳುವಂತೆಯೇ ಹೇಳಿದೆ: "ಮೊದಲ ರೇಖೆಯ ಇಳಿಜಾರು ತಗೋ. ಅದನ್ನ ತಲೆಕೆಳಗು ಮಾಡು. ಚಿಹ್ನೆ ಬದಲಾಯಿಸು. ಅರ್ಧ ಇದ್ರೆ ಮೈನಸ್ ಎರಡು. ಅಷ್ಟೇ."

"ಯಾಕೆ?"

"ಯಾಕೆ ಅಂದ್ರೆ? ನಿಯಮ ಅದು."

"ನಿಯಮ ಸರಿ. ಯಾಕೆ ತಲೆಕೆಳಗು? ಯಾಕೆ ಮೈನಸ್ಸು? ದಾರ ಹಿಡಿದು ಲಂಬ ಎಳೆ ಅಂದ್ರೆ ಕಣ್ಣು ಮುಚ್ಚಿ ಎಳೀತೀನಿ. ಈ ಮೈನಸ್ಸು ಎಲ್ಲಿಂದ ಬಂತು ಹೇಳು."

"ಬಾಯಿಪಾಠ ಮಾಡಕ್ಕಾ. ಪರೀಕ್ಷೇಲಿ ಯಾಕೆ ಅಂತ ಕೇಳಲ್ಲ."

"ಕಾರಣ ಗೊತ್ತಿಲ್ದೆ ನಾನು ಒಂದು ವಾಲ್ವೂ ತಿರುಗಿಸಿಲ್ಲ ಕಣೇ."

ನಾಲ್ಕು ಸಂಜೆ ಇದೇ ಹಾಡು. ಐದನೆಯ ಸಂಜೆ ನಾನು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಕೊಟ್ಟು ಬರೆಸಿದೆ. ನೂರಕ್ಕೆ ಇಪ್ಪತ್ತೆರಡು ಬಂತು. ಆ ಪೇಪರನ್ನು ಅವಳು ಮಡಚಿ ಊಟದ ಚೀಲದಲ್ಲಿ ಹಾಕಿಕೊಂಡದ್ದು ಕಚೇರಿಯಲ್ಲಿ ಹೇಗೋ ಹೊರಬಿದ್ದಿತು. ಅವಳ ಜೊತೆ ಗುಂಡಿ ತೋಡುವವನೊಬ್ಬನಿದ್ದಾನೆ. ಬಿಸಿಲಿದ್ದರೆ ಬಿಸಿಲು, ನೆರಳಿದ್ದರೆ ನೆರಳು ಎಂದು ಗೊಣಗುವುದರಿಂದ ಎಲ್ಲರಿಗೂ ಗೊಣಗಪ್ಪ. ಅವನು ಪೇಪರನ್ನು ಎತ್ತಿ ಹಿಡಿದು, "ಪರವಾಗಿಲ್ಲ, ಮೂವತ್ತಮೂರು ವರ್ಷಕ್ಕೆ ಮೂರು ಮಾರ್ಕು ಜಾಸ್ತಿ ಆಗಿದೆ!" ಎಂದು ನಗಾಡಿದನಂತೆ. ತನ್ನ ಹತ್ತೊಂಬತ್ತನ್ನು ಅವಳೇ ಹಿಂದೆಂದೋ ತಮಾಷೆಗೆ ಹೇಳಿಕೊಂಡಿದ್ದಳು.

ಇದೊಂದೂ ನನಗೆ ಗೊತ್ತಿರಲಿಲ್ಲ. ಅವತ್ತು ಸಂಜೆ ಅವಳು ಬಂದು ಕೂತು, ಮತ್ತೆ ಮೊದಲಿನಿಂದ, "ಆ ಮೈನಸ್ಸು ಯಾಕೆ ಅಂತ ಇನ್ನೊಂದ್ಸಲ…" ಎಂದಾಗ ನನ್ನ ತಾಳ್ಮೆ ಹರಿಯಿತು.

"ಅಯ್ಯೋ ಅಕ್ಕಾ, ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳಿಗೂ ಒಂದು ಗಂಟೇಲಿ ಹತ್ತುತ್ತೆ ಇದು. ನಿನ್ನ ತಲೇಲಿ ಏನು ತುಂಬಿದೆ?"

ಅವಳು ಕನ್ನಡಕ ತೆಗೆದಳು. ಸೆರಗಿನಿಂದ ಒರೆಸಿದಳು. ಡಬ್ಬಿಗೆ ಹಾಕಿದಳು. "ನೀರು," ಎಂದಳು, ಮೆಲ್ಲಗೆ. ಇಳಿದು ಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ. ನಾನೂ ಇಳಿಯಲಿಲ್ಲ; ತಪ್ಪು ನನ್ನದೇ ಎಂದು ಗೊತ್ತಿದ್ದಾಗ ಮೆಟ್ಟಿಲು ಇಳಿಯುವುದು ಇನ್ನೂ ಕಷ್ಟ. ಅವಳ ಬೂಟಿನ ಸದ್ದು ಬೆಳಿಗ್ಗೆ ಏಳಕ್ಕೆ ಹೊರಗೆ, ಸಂಜೆ ಆರಕ್ಕೆ ಒಳಗೆ. ಅತ್ತೆ ಒಂದು ವಾರ ನೋಡಿದರು. ಎಂಟನೆಯ ದಿನ ನನ್ನ ಪಕ್ಕದಲ್ಲಿ ಟೀ ಲೋಟ ಹಿಡಿದು ಕೂತು, ಕಿಟಕಿಯ ಕಡೆ ನೋಡುತ್ತಾ ಹೇಳಿದರು.

"ಪೈಪು ಸೋರಿದ್ರೆ ಅವಳು ಬಿಗಿ ಮಾಡ್ತಾಳೆ. ಮಾತು ಸೋರಿದ್ರೆ ಯಾರಮ್ಮ ಬಿಗಿ ಮಾಡೋರು?"

"ನಾನು ಬೇಕಂತ ಅಂದಿದ್ದಲ್ಲ ಅತ್ತೆ."

"ಬೇಕಂತ ಯಾರು ಅಂತಾರೆ? ಕಚೇರೀಲಿ ಆ ಗೊಣಗಪ್ಪ ಪೇಪರ್ ತೋರ್ಸಿ ನಗಾಡಿದ ದಿನಾನೇ ನೀನೂ ಅಂದೆ. ಹೊರಗಿನವನು ಅಂದಿದ್ದು ಅವಳಿಗೆ ಚರ್ಮಕ್ಕೂ ತಾಗಿಲ್ಲ. ನೀನು ಅಂದಿದ್ದು ತಾಗಿದೆ."

ಆಗಲೇ ನನಗೆ ವಿಷಯ ತಿಳಿದದ್ದು. ನಾಳೆ ಬೆಳಿಗ್ಗೆ ಅವಳು ಹೊರಡುವ ಮುಂಚೆ ಬಾಗಿಲಲ್ಲಿ ಹಿಡಿದು ಕ್ಷಮೆ ಕೇಳುತ್ತೇನೆ ಎಂದುಕೊಂಡೆ. ಎದ್ದಾಗ ಅವಳು ಹೊರಟುಹೋಗಿದ್ದಳು. ಮಧ್ಯಾಹ್ನ ಹನ್ನೆರಡೂವರೆಗೆ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು. ಒಂದು ಕೈಯಲ್ಲಿ ಮಡಚಿದ ಕಾಗದ, ಇನ್ನೊಂದರಲ್ಲಿ ಮೂಲೆಮಟ್ಟ. ಗಾರೆ ಕೆಲಸದವರು ಮೂಲೆ ನೇರವಿದೆಯೇ ಎಂದು ನೋಡಲು ಇಡುವ ಎರಡು ತೋಳಿನ ಕಬ್ಬಿಣದ ಪಟ್ಟಿ.

ನಾನು ಬಾಯಿ ತೆರೆಯುವ ಮೊದಲೇ ಅವಳು ಅಡುಗೆಮನೆಯ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು. "ಇಲ್ಲಿ ಬಾ. ನೋಡು," ಎಂದಳು.

ನಮ್ಮ ಅಡುಗೆಮನೆಗೆ ಚೌಕದ ಟೈಲ್ಸು. ಮೂಲೆಮಟ್ಟದ ಒಂದು ತೋಳನ್ನು ಅವಳು ಓರೆಯಾಗಿ ಇಟ್ಟಳು: ಬಲಕ್ಕೆ ಎರಡು ಟೈಲ್ಸು ಹೋದರೆ ಮೇಲಕ್ಕೆ ಒಂದು. "ಇದು ಅರ್ಧದ ಇಳಿಜಾರು. ಹೌದಾ?"

"ಹೌದು."

"ಈಗ ಇನ್ನೊಂದು ತೋಳು ನೋಡು. ಅದು ಲಂಬ ತಾನೇ? ಅದು ಹೆಂಗೆ ಹೋಗಿದೆ? ಎಡಕ್ಕೆ ಒಂದು ಟೈಲ್ಸು, ಮೇಲಕ್ಕೆ ಎರಡು. ಅಡ್ಡ ಇದ್ದ ಎರಡು ಎದ್ದು ನಿಂತ್ಕೊಂಡ್ತು. ನಿಂತಿದ್ದ ಒಂದು ಮಲಗಿಬಿಡ್ತು. ಅದಕ್ಕೇ ತಲೆಕೆಳಗು. ಮಲಗಿದ್ದು ಬಲಕ್ಕಲ್ಲ, ಎಡಕ್ಕೆ ಮಲಗ್ತು. ಅದಕ್ಕೇ ಮೈನಸ್ಸು!" ಅವಳ ಮುಖ ಕೆಂಪಾಗಿತ್ತು. "ಕಚೇರಿ ವರಾಂಡದಲ್ಲಿ ಊಟಕ್ಕೆ ಕೂತಾಗ ಕಾಣಿಸ್ತು. ಎಂಟು ದಿನದಿಂದ ಊಟದ ಹೊತ್ತಲ್ಲಿ ಅದೇ ಕೆಲಸ. ಎಷ್ಟು ಓರೆ ಇಟ್ರೂ ಹಂಗೇ ಬರುತ್ತೆ. ಮೂರಕ್ಕೆ ಒಂದು ಇಟ್ರೂ ಬರುತ್ತೆ, ಐದಕ್ಕೆ ಎರಡು ಇಟ್ರೂ ಬರುತ್ತೆ."

ನಾನು ಹನ್ನೊಂದು ವರ್ಷದಿಂದ ಪಾಠ ಹೇಳುತ್ತಿದ್ದೆ. ಒಂದು ದಿನವೂ ಒಂದು ಮೂಲೆಮಟ್ಟವನ್ನು ನೆಲದ ಮೇಲೆ ತಿರುಗಿಸಿ ನೋಡಿರಲಿಲ್ಲ. ಕಣ್ಣಲ್ಲಿ ನೀರು ಬಂತು.

"ಅಕ್ಕಾ, ಅವತ್ತು ನಾನು ಹಂಗೆ ಅನ್ನಬಾರದಿತ್ತು."

"ಅನ್ನಬಾರದಿತ್ತು," ಎಂದು ಅವಳು ಒಪ್ಪಿಕೊಂಡಳು. "ಈಗ ಅಳ್ಬೇಡ, ಹೊತ್ತಿಲ್ಲ. ಈ ಕಾಗದ ನೋಡು. ಇದು ಲೆಕ್ಕ ಆಗುತ್ತಾ ಹೇಳು."

ವಿಷಯ ಇಷ್ಟು. ಎರಡು ಬೀದಿಯಾಚೆ ಒಂದು ಶಿಶುವಿಹಾರ. ನಲವತ್ತು ಮಕ್ಕಳಿಗೆ ಒಂದೇ ನಲ್ಲಿ, ಅದೂ ಕಟ್ಟಡದ ಒಳಗೆ. ಅಂಗಳದಲ್ಲಿ ಮಕ್ಕಳ ಎತ್ತರಕ್ಕೆ ಇನ್ನೊಂದು ನಲ್ಲಿ ಬೇಕೆಂದು ಅರ್ಜಿ ಕೊಟ್ಟಿದ್ದರು, ಮಂಜೂರಾಗಿತ್ತು. ನಲ್ಲಿಯ ಕಟ್ಟೆಯೂ ಕಟ್ಟಿ ಆಗಿತ್ತು. ಕುಡಿಯುವ ನೀರಿನ ದೊಡ್ಡ ಪೈಪು ಅಂಗಳದ ಕೆಳಗೇ ಓರೆಯಾಗಿ ಹಾದುಹೋಗುತ್ತದೆ. ಆದರೆ ಎಲ್ಲಿ? ಹಳೆಯ ಕಾಲದ ಪೈಪು, ನಕ್ಷೆ ಇಲ್ಲ. ಅಂಗಳದ ಈ ತುದಿಗೊಂದು, ಆ ತುದಿಗೊಂದು ವಾಲ್ವಿನ ಚೇಂಬರು ಇದೆ. ಎರಡರ ನಡುವೆ ದಾರ ಎಳೆದರೆ ಮುಗಿಯಿತು, ಆದರೆ ನಡುವೆ ಒಂದು ಉಗ್ರಾಣದ ಕೋಣೆ ಕಟ್ಟಿಬಿಟ್ಟಿದ್ದಾರೆ. ಕೋಲಿಟ್ಟು ಕೇಳೋಣವೆಂದರೆ ಹಿಂದಿನ ಗೋಡೆಯಾಚೆಯೇ ಮುದ್ರಣಾಲಯ. ಯಂತ್ರದ ದಡದಡಕ್ಕೆ ನೆಲವೆಲ್ಲ ನಡುಗುತ್ತದೆ. ಅಂಗಳಕ್ಕೆ ಹೋದ ತಿಂಗಳಷ್ಟೇ ಕಲ್ಲು ಹಾಸಿದ್ದಾರೆ. ಶಿಶುವಿಹಾರದ ಮುಖ್ಯಸ್ಥೆ ಕೈಮುಗಿದು ಹೇಳಿದ್ದರಂತೆ: "ಒಂದೇ ಒಂದು ಗುಂಡಿ ತೋಡಿ ತಾಯಿ. ಎರಡನೇದು ಬೇಡ. ಮಕ್ಕಳು ಬೀಳ್ತಾರೆ."

"ಕೈಯಲ್ಲಿರೋದು ಐದು ಮೀಟರಿನ ಒಂದೇ ಪೈಪು," ಎಂದಳು ಪಾನಕ್ಕ. "ಜೋಡಿಸಿದ ಕಡೆಯೆಲ್ಲ ನಾಳೆ ಸೋರಿಕೆ ಹುಟ್ಟುತ್ತೆ. ಹಂಗಾಗಿ ನಲ್ಲಿಯಿಂದ ದೊಡ್ಡ ಪೈಪಿಗೆ ಎಲ್ಲಕ್ಕಿಂತ ಹತ್ತಿರದ ದಾರಿ ಬೇಕು. ಹತ್ತಿರದ ದಾರಿ ಅಂದ್ರೆ ಲಂಬ."

ಕಾಗದದಲ್ಲಿ ಅವಳ ದಪ್ಪ ಅಕ್ಷರ. ಅಂಗಳದ ಎಡಗೋಡೆ, ಹಿಂದಿನ ಗೋಡೆ ಎರಡನ್ನೂ ಅವಳೇ ಅಕ್ಷ ಮಾಡಿಕೊಂಡಿದ್ದಳು. ಗೋಡೆಗಳ ಮೂಲೆ ನೇರವಿದೆಯೇ ಎಂದು ಒಂದು ಗೋಡೆಗೆ ಮೂರು ಮೀಟರು, ಇನ್ನೊಂದಕ್ಕೆ ನಾಲ್ಕು ಅಳೆದು, ನಡುವಿನ ಓರೆ ಸರಿಯಾಗಿ ಐದು ಬರುವುದನ್ನು ನೋಡಿ ಮೊದಲೇ ಖಚಿತ ಮಾಡಿಕೊಂಡಿದ್ದಳು. ಮೊದಲ ಚೇಂಬರು: ಎಡಗೋಡೆಯಿಂದ ಎರಡು ಮೀಟರು, ಹಿಂದಿನ ಗೋಡೆಯಿಂದ ಮೂರು. ಎರಡನೆಯದು: ಹದಿನೆಂಟು, ಹನ್ನೊಂದು. ಹೊಸ ನಲ್ಲಿ: ಹನ್ನೆರಡು, ಮೂರು.

ಅವಳಿಗೆ ಪೆನ್ನು ಕೊಡದೆ ನಾನೇ ಸರಸರ ಬರೆದೆ. ಪೈಪು ಹದಿನಾರು ಅಡ್ಡ ಹೋದಾಗ ಎಂಟು ಏರಿದೆ, ಇಳಿಜಾರು ಅರ್ಧ. ಪೈಪಿನ ಸಮೀಕರಣ: ವೈ ಎಂದರೆ ಎಕ್ಸಿನ ಅರ್ಧ, ಕಳೆ ಎರಡು. ಲಂಬದ ಇಳಿಜಾರು ಮೈನಸ್ ಎರಡು. ನಲ್ಲಿಯ ಮೂಲಕ ಹೋಗುವ ಲಂಬ: ವೈ ಎಂದರೆ ಇಪ್ಪತ್ತೇಳರಲ್ಲಿ ಎಕ್ಸಿನ ಎರಡರಷ್ಟು ಕಳೆ. ಎರಡೂ ಸೇರುವ ಜಾಗ: ಎಡಗೋಡೆಯಿಂದ ಹನ್ನೊಂದು ಮೀಟರು ಅರವತ್ತು, ಹಿಂದಿನ ಗೋಡೆಯಿಂದ ಮೂರು ಮೀಟರು ಎಂಬತ್ತು.

"ಬಾ, ನಾನೂ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿದೆ. ಅವತ್ತು ನನಗೆ ಟ್ಯೂಷನ್ ರಜೆ.

ಶಿಶುವಿಹಾರದಲ್ಲಿ ಮಕ್ಕಳು ಮಲಗುವ ಹೊತ್ತು. ಮುಖ್ಯಸ್ಥೆ ಬಾಯಿಗೆ ಬೆರಳಿಟ್ಟು ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದರು. ಪಕ್ಕದ ಮುದ್ರಣಾಲಯ ಆ ಸನ್ನೆಗೆ ಕಿವಿಗೊಡಲಿಲ್ಲ. ಗೊಣಗಪ್ಪ ಮತ್ತು ಇನ್ನೊಬ್ಬ ಕೆಲಸದವನು ಹಾರೆ, ಗುದ್ದಲಿ ಹಿಡಿದು ನೆರಳಲ್ಲಿ ಕೂತಿದ್ದರು. ಪಾನಕ್ಕ ಟೇಪು ಹಿಡಿದು ಅಳೆದು ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದಳು. ಹಾಕಿ, ಅದರ ಮೇಲೆ ನಿಂತಳು. ತಲೆ ಎಡಕ್ಕೆ ವಾಲಿತು.

"ಶುರು ಮಾಡೋಣ್ವಾ?" ಎಂದ ಗೊಣಗಪ್ಪ.

"ತಡಿ."

ಅವಳು ಗುರುತಿನಿಂದ ನಲ್ಲಿಯ ಕಟ್ಟೆಗೆ ಒಂದು ಹೆಜ್ಜೆ ಹಾಕಿದಳು. ಒಂದೇ ಹೆಜ್ಜೆ, ಮುಟ್ಟಿಯೇಬಿಟ್ಟಳು. "ಪೈಪು ನಲ್ಲಿಯ ಕಾಲಡೀಲೇ ಇದೆಯಾ?" ಎಂದು ತನಗೆ ತಾನೇ ಎಂಬಂತೆ ಹೇಳಿದಳು. ಕಟ್ಟೆಯ ಮೇಲೆ ಕೂತು, ಕನ್ನಡಕ ಹಾಕಿ, ನನ್ನ ಕಾಗದ ತೆಗೆದಳು. ಒಂದು ನಿಮಿಷ ತುಟಿ ಅಲ್ಲಾಡಿತು. ಆಮೇಲೆ ನನ್ನನ್ನು ಹತ್ತಿರ ಕರೆದಳು. ಉಳಿದವರಿಗೆ ಕೇಳಿಸದ ಹಾಗೆ ಹೇಳಿದಳು.

"ಪೈಪಿನ ಸಮೀಕರಣ ಪೈಪಿನ ಮೇಲಿರೋ ಎಲ್ಲಾ ಬಿಂದುಗೂ ಸರಿಹೋಗಬೇಕು ಅಂತ ನೀನೇ ಹೇಳಿದ್ದಲ್ವಾ?"

"ಹೌದು."

"ಮೊದಲನೇ ಚೇಂಬರು ಎರಡು, ಮೂರು. ಎರಡರ ಅರ್ಧ ಒಂದು. ಒಂದರಲ್ಲಿ ಎರಡು ಕಳೆದ್ರೆ ಮೈನಸ್ ಒಂದು. ಮೂರು ಬರಬೇಕಿತ್ತು. ನಿನ್ನ ಲೆಕ್ಕದಲ್ಲಿ ನಮ್ಮ ಚೇಂಬರು ಗೋಡೆ ಹಾರಿ ಒಂದು ಮೀಟರು ಆಚೆ, ಮುದ್ರಣಾಲಯದ ಒಳಗೆ ಹೋಗಿ ಕೂತಿದೆ ಕಣೇ."

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕಾಗದ ನೋಡಿದೆ. ಕೂಡಬೇಕಾದಲ್ಲಿ ಕಳೆದಿದ್ದೆ. ಎಕ್ಸಿನ ಅರ್ಧ, ಕೂಡು ಎರಡು! ಒಂಬತ್ತನೇ ಕ್ಲಾಸಿನ ಮಕ್ಕಳು ಮಾಡಿದರೆ ನಾನು ಕೆಂಪು ಶಾಯಿಯಲ್ಲಿ ಸುತ್ತುವಂಥ ತಪ್ಪು.

ಅವಳು ಏನೂ ಅನ್ನಲಿಲ್ಲ. ಅನ್ನಬಹುದಿತ್ತು, ನಾನಾಗಿದ್ದರೆ ಅನ್ನುತ್ತಿದ್ದೆ. ಪೆನ್ನು ಕೈಗೆ ತೆಗೆದುಕೊಂಡು, ಕಾಗದದ ಹಿಂಬದಿಯಲ್ಲಿ, ಪ್ರತಿ ಸಾಲನ್ನೂ ಬಾಯಲ್ಲಿ ಹೇಳಿಕೊಳ್ಳುತ್ತ ತಾನೇ ಮಾಡಿದಳು. "ಅರ್ಧ ಎಕ್ಸ್ ಕೂಡು ಎರಡು, ಇಪ್ಪತ್ತೇಳು ಕಳೆ ಎರಡು ಎಕ್ಸ್. ಎರಡೂ ಒಂದೇ. ಎಕ್ಸುಗಳೆಲ್ಲ ಈ ಕಡೆ ಬನ್ನಿ… ಎರಡೂವರೆ ಎಕ್ಸ್ ಅಂದ್ರೆ ಇಪ್ಪತ್ತೈದು. ಎಕ್ಸ್ ಹತ್ತು. ವೈ ಏಳು." ಪೈಪಿನ ಸಮೀಕರಣಕ್ಕೆ ಎರಡೂ ಚೇಂಬರಿನ ಸಂಖ್ಯೆ ಹಾಕಿ ನೋಡಿದಳು, ಮೂರು ಬಂತು, ಹನ್ನೊಂದು ಬಂತು. ನಲ್ಲಿಯಿಂದ ಅಲ್ಲಿಗೆ ಎಷ್ಟು ದೂರ ಎಂದೂ ಲೆಕ್ಕ ಹಾಕಿದಳು: ನಾಲ್ಕೂವರೆ ಮೀಟರಿಗೆ ಸ್ವಲ್ಪ ಕಡಿಮೆ. ಐದು ಮೀಟರಿನ ಪೈಪಿಗೆ ಹೇಳಿ ಮಾಡಿಸಿದಂತೆ.

ಹಳೆಯ ಗುರುತನ್ನು ಬೂಟಿನಿಂದ ಉಜ್ಜಿ ಅಳಿಸಿದಳು. ಎಡಗೋಡೆಯಿಂದ ಹತ್ತು, ಹಿಂದಿನ ಗೋಡೆಯಿಂದ ಏಳು ಅಳೆದು ಹೊಸ ಗುರುತು. "ಇಲ್ಲಿ," ಎಂದಳು.

"ಇದೇನು, ಆಗಲೇ ಅಲ್ಲಿ ಅಂದ್ರಿ, ಈಗ ಇಲ್ಲಿ ಅಂತೀರಿ," ಗೊಣಗಪ್ಪ ಶುರುಮಾಡಿದ. "ಕೋಲಿಡಲ್ಲ, ಏನಿಲ್ಲ. ಕಾಗದ ನೋಡಿ ಪೈಪು ಹುಡುಕೋದು ನಾನು ಎಲ್ಲೂ ಕಂಡಿಲ್ಲ. ನೆಲ ಏನು ಪುಸ್ತಕ ಓದಿರುತ್ತಾ?"

"ನೆಲ ಓದಿಲ್ಲ, ನಾನು ಓದಿದೀನಿ. ಕಲ್ಲು ಎತ್ತು."

ಎರಡು ಕಲ್ಲು ಎಬ್ಬಿಸಿ ಒಪ್ಪವಾಗಿ ಗೋಡೆಗೆ ಒರಗಿಸಿದರು. ಅಗೆತ ಶುರುವಾಯಿತು. ಒಂದಡಿ, ಎರಡಡಿ; ಕೆಂಪು ಮಣ್ಣು, ಇಟ್ಟಿಗೆಯ ಚೂರು. ಮೂರಡಿಗೆ ಪಾನಕ್ಕ ಹಾರೆ ನಿಲ್ಲಿಸಲು ಹೇಳಿ ತಾನೇ ಗುಂಡಿಗೆ ಇಳಿದಳು. ಹಳೆಯ ಪೈಪಿಗೆ ಹಾರೆಯ ಏಟು ಬಿದ್ದರೆ ಸೀಳುತ್ತದೆ. ಕರಣೆಯಿಂದ ಮಣ್ಣನ್ನು ಕೆರೆದು ಕೆರೆದು ತೆಗೆಯತೊಡಗಿದಳು. ನಾನು ಅಂಚಿನಲ್ಲಿ ಮೊಣಕಾಲೂರಿ ಕೂತೆ. ನಾಲ್ಕಡಿ ಆಯಿತು. ಮಣ್ಣೇ. ಮುಖ್ಯಸ್ಥೆ ಹಿಂದಿನಿಂದ ಬಗ್ಗಿ ನೋಡಿದರು. ಗೊಣಗಪ್ಪ ಗೊಣಗುವುದನ್ನು ನಿಲ್ಲಿಸಿದ್ದ. ಅದು ಇನ್ನೂ ಹೆದರಿಕೆ ಹುಟ್ಟಿಸಿತು. ಮೊದಲು ನಾನು ಅಂದ ಮಾತು. ಈಗ ನಾನು ಕಲಿಸಿದ ಲೆಕ್ಕವೂ ಅವಳ ಮಾನ ಕಳೆಯುತ್ತದೆಯೇ?

ಅವಳು ಕರಣೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಕೆರೆದಳು. ಠಣ್ ಎಂದಿತು.

ಅಂಗೈಯಿಂದ ಮಣ್ಣು ಸರಿಸಿದಳು. ತುಕ್ಕು ಹಿಡಿದ ಕಪ್ಪು ಬೆನ್ನು ಕಾಣಿಸಿತು. ಲೆಕ್ಕದ ಬಿಂದುವಿನಿಂದ ನಾಲ್ಕು ಬೆರಳು ಆಚೆಗಿತ್ತು, ಅಷ್ಟೇ. ಅವಳು ಕೈಯನ್ನು ಅದರ ಮೇಲೇ ಇಟ್ಟುಕೊಂಡು ಕೂತಳು. ಒಳಗೆ ಓಡುವ ನೀರಿನ ತಂಪು ಅಂಗೈಗೆ ತಾಗುತ್ತಿದ್ದಿರಬೇಕು.

"ಸಿಕ್ತಾ?" ಎಂದೆ.

"ಬಾ, ಮುಟ್ಟಿ ನೋಡು," ಎಂದಳು. ಸೀರೆ ಎತ್ತಿ ಕಟ್ಟಿ ನಾನೂ ಗುಂಡಿಗೆ ಇಳಿದೆ. ಇಬ್ಬರು ಹಿಡಿಸುವ ಗುಂಡಿಯಲ್ಲ. ಮೊಣಕೈಗೆ ಮೊಣಕೈ ತಗುಲಿಸಿಕೊಂಡು ಕೂತು ಕೊಳಕು ಪೈಪನ್ನು ಸವರುತ್ತ ಇಬ್ಬರೂ ನಗತೊಡಗಿದೆವು. ಮುಖ್ಯಸ್ಥೆ ಮತ್ತೆ ಬಾಯಿಗೆ ಬೆರಳಿಟ್ಟರು. ಆ ಹೊತ್ತಿಗೆ ಮಕ್ಕಳು ಎದ್ದು ಕಿಟಕಿಗೆ ಮುತ್ತಿದ್ದರು.

ಗೊಣಗಪ್ಪ ಗುಂಡಿಯ ಅಂಚಿಗೆ ಬಂದು ಬಹಳ ಹೊತ್ತು ನೋಡಿದ. "ನಾಲ್ಕು ಬೆರಳು ತಪ್ಪಿದೆ," ಎಂದ.

"ಅದು ಪೈಪು ಹಾಕಿದೋರ ತಪ್ಪು," ಎಂದಳು ಪಾನಕ್ಕ.

ಮೂರು ದಿನದಲ್ಲಿ ನಲ್ಲಿ ಬಂತು. ಪಾಠ ಮತ್ತೆ ಶುರುವಾಯಿತು, ಆದರೆ ನಾನು ಕಲಿಸುವ ರೀತಿ ಬದಲಾಯಿತು. ಅವಳು "ಯಾಕೆ" ಎಂದರೆ ನಾನೂ ಕೂತು ಯೋಚಿಸುತ್ತಿದ್ದೆ. ಕೆಲವು ಯಾಕೆಗಳಿಗೆ ನನಗೂ ಉತ್ತರ ಗೊತ್ತಿರಲಿಲ್ಲ. ಇಬ್ಬರೂ ಟೈಲ್ಸಿನ ಮೇಲೆ ಕಡ್ಡಿ, ದಾರ, ಮುಚ್ಚಳ ಹರಡಿಕೊಂಡು ಹುಡುಕುತ್ತಿದ್ದೆವು. ಅತ್ತೆ ಅವನ್ನೆಲ್ಲ ದಾಟಿಕೊಂಡು ಒಲೆಯ ಹತ್ತಿರ ಹೋಗುತ್ತ, "ಒಂದು ಸೊಸೆ ಮನೆ ಹೊರಗೆ ಅಗೀತಿದ್ಲು, ಈಗ ಎರಡೂ ಸೇರಿ ಮನೆ ಒಳಗೇ ಶುರು ಹಚ್ಕೊಂಡ್ರು," ಎನ್ನುತ್ತಿದ್ದರು.

ಪರೀಕ್ಷೆಯ ದಿನ ಭಾವ ಅಂಗಡಿಗೆ ರಜೆ ಹಾಕಿ ಅವಳನ್ನು ಬಿಡಲು ಹೋದರು. ಹದಿನಾರರ ಹುಡುಗ ಹುಡುಗಿಯರ ಸಾಲಿನಲ್ಲಿ ಬೂಟು ಹಾಕಿದ ಹೆಂಗಸು. ಒಬ್ಬ ಹುಡುಗಿ, "ಆಂಟಿ, ಪೋಷಕರು ಹೊರಗಿರಬೇಕಂತೆ," ಎಂದಳಂತೆ. ಮೂರು ಗಂಟೆಯ ನಂತರ ಹೊರಬಂದಾಗ ಪಾನಕ್ಕನ ಮುಖ ಊದಿಕೊಂಡಿತ್ತು. ಗೇಟಿನ ಹತ್ತಿರ ಕಾಯುತ್ತಿದ್ದ ನಾನು ಓಡಿಹೋದೆ.

"ಏನಾಯ್ತು?"

"ಲಂಬದ ಪ್ರಶ್ನೆ ಕೇಳಲೇ ಇಲ್ಲ ಕಣೇ! ಅಷ್ಟು ಒದ್ದಾಡಿ ಕಲ್ತಿದ್ದು. ವೃತ್ತ ಕೇಳಿದ್ದಾರೆ, ಸರಾಸರಿ ಕೇಳಿದ್ದಾರೆ, ಯಾರಿಗೆ ಬೇಕು ಅದು? ಕೊನೇಲಿ ಹತ್ತು ನಿಮಿಷ ಉಳಿದಿತ್ತು. ನಾನೇ ಒಂದು ಲಂಬ ಬರೆದು ಇಟ್ಟು ಬಂದಿದೀನಿ. ನೋಡೋರು ನೋಡ್ಲಿ."

ಯಾರು ನೋಡಿದರೋ, ಏನಂದುಕೊಂಡರೋ ತಿಳಿಯಲಿಲ್ಲ. ಕೇಳದ ಪ್ರಶ್ನೆಯ ಉತ್ತರಕ್ಕೆ ಅಂಕ ಯಾರೂ ಕೊಡುವುದಿಲ್ಲ. ಕೇಳಿದ ಪ್ರಶ್ನೆಗಳಿಗೆ ನಲವತ್ತೊಂದು ಬಂತು. ಮೂವತ್ತೈದು ಬಂದರೆ ಪಾಸು. ಭಾವ ಆ ಅಂಕಪಟ್ಟಿಗೆ ಕನ್ನಡಕದ ಗಾಜಿನಂಥ ಸ್ವಚ್ಛ ಗಾಜು ಹಾಕಿಸಿ ನಡುಮನೆಯಲ್ಲಿ, ಬಂದವರಿಗೆಲ್ಲ ಕಾಣುವಂತೆ, ತೂಗುಹಾಕಿದರು. ಅವಳು ಬೇಡ ಬೇಡ ಎಂದು ಎರಡು ಸಲ ತೆಗೆದಳು. ಮೂರನೆಯ ಸಲ ಬಿಟ್ಟಳು.

ಈಗ ಅವಳು ಮೇಲ್ವಿಚಾರಕಿಯಾಗಿ ಮೂರು ವರ್ಷ. ಕುರ್ಚಿಯಲ್ಲಿ ಕೂರುವುದು ಅವಳಿಗೆ ಇನ್ನೂ ಒಗ್ಗಿಲ್ಲ. ಹನ್ನೊಂದು ಗಂಟೆಗೆ ಸಹಿ ಮುಗಿಸಿ ಯಾವುದಾದರೂ ಗುಂಡಿಯ ಹತ್ತಿರ ಹೋಗಿಬಿಡುತ್ತಾಳೆ. ಆದರೆ ಒಂದು ಕೆಲಸವನ್ನು ಮೇಜಿನ ಮೇಲೇ ಮಾಡುತ್ತಾಳೆ. ಎಲ್ಲೇ ನೆಲ ಅಗೆದು ಪೈಪು ಕಂಡರೂ, ಮುಚ್ಚುವ ಮುಂಚೆ ಎರಡು ಗೋಡೆ ಹಿಡಿದು ಅಳೆದು ಎರಡು ಸಂಖ್ಯೆ ಬರೆದು ತರಬೇಕೆಂದು ಅವಳ ಕಟ್ಟಪ್ಪಣೆ. ಆ ಸಂಖ್ಯೆಗಳಿಂದ ಒಂದೊಂದೇ ಬೀದಿಯ ನಕ್ಷೆ ಹುಟ್ಟುತ್ತಿದೆ. ಇನ್ನೂರ ಹತ್ತು ಹಾಳೆ ಆಗಿದೆ. ಎಂಜಿನಿಯರ್ ಹುಡುಗಿ ಅದನ್ನು ಕಂಪ್ಯೂಟರಿಗೆ ಏರಿಸಿಕೊಡುತ್ತೇನೆ ಎಂದಾಗ, "ಏರಿಸಿ ಮೇಡಂ, ಆದ್ರೆ ಹಾಳೆ ನನ್ನ ಹತ್ರಾನೇ ಇರ್ಲಿ," ಎಂದಳಂತೆ.

ಅತಿ ಹೆಚ್ಚು ಸಂಖ್ಯೆ ತಂದುಕೊಡುವವನು ಗೊಣಗಪ್ಪ. ಕಳೆದ ವಾರ ಮನೆಗೇ ಬಂದಿದ್ದ, ಮಳೆಗೆ ನೆನೆದ ಚೀಟಿ ಹಿಡಿದು. ಬಾಗಿಲಲ್ಲೇ ನಿಂತು, ಟೇಪು ಹಳೆಯದಾಗಿದೆ, ಗೋಡೆ ಸೊಟ್ಟಗಿದೆ, ಇದನ್ನೆಲ್ಲ ಅಳೆಯುತ್ತ ಕೂತರೆ ಅಗೆಯುವುದು ಯಾವಾಗ ಎಂದು ಗೊಣಗಿದ. ಪಾನಕ್ಕ ಚೀಟಿ ತೆಗೆದುಕೊಂಡು ಕನ್ನಡಕ ಏರಿಸಿ ನೋಡಿದಳು.

"ಮೂಲೆ ನೇರ ಇದೆಯಾ ನೋಡಿದ್ಯಾ?"

"ಮೂರು, ನಾಲ್ಕು, ಐದು. ಎರಡು ಸಲ ನೋಡಿದೀನಿ," ಎಂದ ಗೊಣಗಪ್ಪ.

"ಹಂಗಾದ್ರೆ ಒಳಗೆ ಬಾ, ಟೀ ಕುಡಿ," ಎಂದು ಅವಳು ಅವನಿಗೆ ಕುರ್ಚಿ ಎಳೆದು ಹಾಕಿದಳು.